ಆಷಾಢದ ಛತ್ರದಲ್ಲಿ ಬೈಕಿನ ಪಾಠ

ಆಷಾಢದಲ್ಲಿ ಕಲ್ಯಾಣ ಮಂಟಪ ನೋಡಬೇಕು ನೀವು. ಮದುವೆ ಇಲ್ಲ, ಬೀಗರೂಟ ಇಲ್ಲ, ಗೇಟಿಗೆ ಸರಪಳಿ ಬಿಗಿದು ವಾಚ್‌ಮನ್ನು ಊರಿಗೆ ಹೋಗಿರುತ್ತಾನೆ. ಒಳಗೆ ಕುರ್ಚಿಗಳು ಒಂದರ ಮೇಲೊಂದು ಏರಿ ಮೂಲೆ ಸೇರಿರುತ್ತವೆ, ಅಡುಗೆ ಮನೆಯಲ್ಲಿ ದೊಡ್ಡ ದೊಡ್ಡ ಪಾತ್ರೆಗಳು ಬೋರಲು ಬಿದ್ದಿರುತ್ತವೆ. ಹಾಸನದಿಂದ ಸಕಲೇಶಪುರಕ್ಕೆ ಹೋಗುವ ಹೆದ್ದಾರಿ ಪಕ್ಕದಲ್ಲಿ ಅಂಥದ್ದೊಂದು ಛತ್ರ ಇದೆ. ಅದರ ಮುಂದೆ ಕಾರು ನಿಲ್ಲಿಸೋಕೆ ಅಂತ ಕಾಂಕ್ರೀಟು ಹಾಕಿದ ದೊಡ್ಡ ಅಂಗಳ. ಆಷಾಢದಲ್ಲಿ ಬಾಡಿಗೆ ಅಗ್ಗ ಅಂತ ಬೈಕಿನ ಸುರಕ್ಷತಾ ತರಬೇತಿಯವರು ಆ ಅಂಗಳ ಹಿಡಿದಿದ್ದರು. ನನ್ನನ್ನು ಅಲ್ಲಿಗೆ ತಳ್ಳಿದವನು ನನ್ನ ಅಳಿಯ.

ನಾನು ದನದ ಡಾಕ್ಟರು. ಈಗ ನಿವೃತ್ತ, ಆಗ ನಿವೃತ್ತಿ ಹತ್ತಿರ ಬಂದಿತ್ತು. ಮಲೆನಾಡಿನ ಅಂಚಿನಲ್ಲಿ ದನದ ಡಾಕ್ಟರಾದವನಿಗೆ ಬೈಕು ಬಿಟ್ಟರೆ ಗತಿಯಿಲ್ಲ. ಹಸು ಬೆದೆಗೆ ಬಂದಿದೆ ಅಂತ ಫೋನು ಬಂದರೆ ಹೊರಡಬೇಕು, ಅದು ಬಸ್ಸಿನ ಟೈಮು ನೋಡಿಕೊಂಡು ಬೆದೆಗೆ ಬರುವುದಿಲ್ಲವಲ್ಲ. ಹಿಂದಿನ ಸೀಟಿಗೆ ದ್ರವ ಸಾರಜನಕದ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದೆ. ಗರ್ಭಧಾರಣೆಯ ಸ್ಟ್ರಾಗಳನ್ನು ಇಡುವ ಕ್ಯಾನು ಅದು, ಒಳಗೆ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿ. ಕ್ಯಾನು ವಾಲಬಾರದು, ಕುಲುಕಬಾರದು. ಗುಂಡಿಗೆ ಇಳಿಸಿದರೆ ಮುಚ್ಚಳದ ಪಕ್ಕದಿಂದ ಬಿಳೀ ಹೊಗೆ ಉಸಿರು ಬಿಡುತ್ತಿತ್ತು. ನನಗೆ ಗಾಡಿ ಓಡಿಸೋದು ಕಲಿಸಿದ್ದು ಆ ಕ್ಯಾನೇ ಅನ್ನಬೇಕು. ಬೇರೆ ಯಾರೂ ಕಲಿಸಿರಲಿಲ್ಲ. ಲೈಸೆನ್ಸಿಗೆ ಅಂತ ಮೈದಾನದಲ್ಲಿ ಎಂಟು ಹಾಕಿಸಿದ್ದರು, ಕಾಲು ನೆಲಕ್ಕೆ ಊರದೆ ಹಾಕಿದೆ, ಪಾಸು. ಬ್ರೇಕು ಹೇಗೆ ಹಿಡೀತೀಯಪ್ಪಾ ಅಂತ ಜನ್ಮದಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ.

ಗಾಡಿ ಯೆಜ್ಡಿ. ಮೈಸೂರಿನ ಯಾದವಗಿರಿ ಕಾರ್ಖಾನೆಯದ್ದು. ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ನನ್ನ ಗಾಡಿ ಹಾಕಲಿಲ್ಲ. ಬಿಡಿಭಾಗಕ್ಕೆ ಮೈಸೂರಿನ ಗಲ್ಲಿಗಳಲ್ಲಿ ಹಳೇ ಮೆಕ್ಯಾನಿಕ್ಕುಗಳನ್ನು ಹುಡುಕಿಕೊಂಡು ಅಲೆದದ್ದೇ ಒಂದು ಬೇರೆ ಕಥೆ, ಇನ್ನೊಂದು ದಿನ ಹೇಳುತ್ತೇನೆ.

ಅಳಿಯ ಅಂದರೆ ಅಕ್ಕನ ಮಗ, ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ. ಅವನದ್ದೊಂದು ಬೈಕಿನ ಗುಂಪು. ಮಳೆ ಮುಗಿದ ಮೇಲೆ ಚಾರ್ಮಾಡಿ ಇಳಿದು ಕರಾವಳಿ ಸುತ್ತಿ ಬರೋದು ಅಂತ ಅವರ ಲೆಕ್ಕ. ನಾನೂ ಬರ್ತೀನಿ ಕಣೋ ಅಂದೆ.

“ಬನ್ನಿ ಮಾವ. ಆದರೆ ನಮ್ಮ ಗುಂಪಲ್ಲಿ ಒಂದು ರೂಲ್ಸಿದೆ. ತರಬೇತಿ ಆಗದೇ ಇರೋರನ್ನ ಸೇರಿಸ್ಕೊಳ್ಳಲ್ಲ.”

“ನೀನು ಚಡ್ಡಿ ಹಾಕೋದು ಕಲಿಯೋ ಮುಂಚೆ ನಾನು ಬಿಸಿಲೆ ಘಾಟಿ ಇಳಿದಿದ್ದೀನಿ.”

“ಇಳಿದಿರ್ತೀರ ಮಾವ, ಇಲ್ಲ ಅಂದೋರ್ಯಾರು? ಇಬ್ಬರಿಗೂ ದುಡ್ಡು ಕಟ್ಟಿಬಿಟ್ಟಿದ್ದೀನಿ. ವಾಪಸ್ ಕೊಡಲ್ಲ.”

ಈ ಕೊನೇ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಳಗಿಂದ ನನ್ನ ಹೆಂಡತಿ ಬೇರೆ, “ಹೋಗಿ ಬನ್ನಿ, ನಿಮ್ಮ ಹಿಂದೆ ಕೂತೂ ಕೂತೂ ಅರ್ಧ ಜೀವ ಹೋಗಿದೆ, ಉಳಿದರ್ಧ ಉಳೀಲಿ” ಅಂದಳು.

ಪುನರ್ವಸು ಮಳೆಯೋ ಪುಷ್ಯದ್ದೋ ನೆನಪಿಲ್ಲ, ಸೋನೆ ಹಿಡಿದಿತ್ತು. ಜೋರಾಗಿ ಬೀಳೋದೂ ಇಲ್ಲ, ನಿಲ್ಲೋದೂ ಇಲ್ಲ, ಜೊತೆಗೆ ಆಷಾಢದ ಗಾಳಿ. ಛತ್ರಕ್ಕೆ ಹೋಗಿ ನೋಡಿದರೆ ಹದಿನೈದು ಜನವೋ ಇನ್ನೂ ಒಂದಿಬ್ಬರು ಜಾಸ್ತಿಯೋ ಬಂದಿದ್ದರು. ಎಲ್ಲರ ಮುಖ ಈಗ ನೆನಪಿಗೆ ಬರುವುದಿಲ್ಲ. ಮರೆಯದವರು ಅಂದರೆ ಒಬ್ಬರು ಕಾಫಿ ತೋಟದ ಗೌಡರು, ಗಾಡಿಯಷ್ಟೇ ಗಾತ್ರದ ಆಸಾಮಿ, ಬುಲೆಟ್ಟು ಅವರ ಕೆಳಗೆ ಕಾಣುತ್ತಲೇ ಇರಲಿಲ್ಲ. ಇನ್ನೊಬ್ಬ ಮನೆ ಮನೆಗೆ ಊಟ ತಲುಪಿಸುವ ಹುಡುಗ, ನಿಂತಲ್ಲಿ ನಿಲ್ಲದವನು. ಆಮೇಲೆ ಒಬ್ಬರು ಟೀಚರಮ್ಮ. ವರ್ಷಾನುಗಟ್ಟಲೆ ಗೇರಿಲ್ಲದ ಸ್ಕೂಟರಲ್ಲಿ ಶಾಲೆಗೆ ಓಡಾಡಿ ಬೇಸರ ಬಂದು, ಮಗನ ಬೈಕು ಎತ್ತಿಕೊಂಡು ಬಂದಿದ್ದರು. ಮಗನಿಗೆ ಹೇಳಿ ಬಂದಿದ್ದರೋ ಇಲ್ಲವೋ ಕೇಳಲಿಲ್ಲ.

ನಾನು ಯೆಜ್ಡಿ ಸ್ಟಾರ್ಟ್ ಮಾಡೋಕೆ ಹೋದಾಗ ಊಟದ ಹುಡುಗ ಬಗ್ಗಿ ಬಗ್ಗಿ ನೋಡಿದ. “ಅಂಕಲ್, ಇದಕ್ಕೆ ಕಿಕ್ಕರೇ ಇಲ್ವಲ್ಲ?” ಗೇರಿನ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿ, ಅದರ ಮೇಲೇ ಕಾಲಿಟ್ಟು ಒದ್ದೆ. ಗಾಡಿ ಹೊತ್ತಿಕೊಂಡಿತು. ಎರಡೂ ಸೈಲೆನ್ಸರಿನಿಂದ ಹೊಗೆ ಎದ್ದು ಟೀಚರಮ್ಮ ಮೂಗಿಗೆ ಸೆರಗು ಹಿಡಿದರು. ಗೇರೂ ಅದೇ ಕಿಕ್ಕೂ ಅದೇ ಅಂತ ಆ ಹುಡುಗ ಸಂಜೆವರೆಗೂ ಕಂಡಕಂಡವರಿಗೆಲ್ಲ ಹೇಳುತ್ತಿದ್ದ.

ಕಲಿಸುವವರು ಒಬ್ಬ ನಿವೃತ್ತ ಸುಬೇದಾರರು, ಗೋಕಾಕದ ಕಡೆಯವರು. ಸೈನ್ಯದ ಸಿಗ್ನಲ್ಸ್ ದಳದಲ್ಲಿ ಡಿಸ್‌ಪ್ಯಾಚ್ ರೈಡರ್ ಆಗಿದ್ದರಂತೆ. ವೈರ್‌ಲೆಸ್ಸಿನಲ್ಲಿ ಹೇಳಬಾರದ ಕಾಗದಗಳನ್ನು ಬೈಕಿನ ಮೇಲೆ ಹೊತ್ತು ತಲುಪಿಸುವ ಕೆಲಸ. ಗಣರಾಜ್ಯೋತ್ಸವದಲ್ಲಿ ಒಂದೇ ಬೈಕಿನ ಮೇಲೆ ಗೋಪುರ ಕಟ್ಟಿಕೊಂಡು ಹೋಗುತ್ತಾರಲ್ಲ ಸಿಗ್ನಲ್ಸಿನವರು, ಆ ತಂಡದಲ್ಲೂ ಇದ್ದರಂತೆ. ಮೀಸೆ ನೋಡಿದರೆ ನಂಬಬೇಕು ಅನ್ನಿಸುತ್ತಿತ್ತು. ಸ್ಟೀಲಿನ ಮಗ್ಗಿನ ತುಂಬ ಚಹಾ ಹಿಡಿದೇ ಪಾಠ, ಚಹಾ ತಣ್ಣಗಾದರೂ ಪರವಾಗಿಲ್ಲ, ಮಗ್ಗು ಮಾತ್ರ ಕೈ ಬಿಡಬಾರದು.

“ಡಾಕ್ಟರ್ ಸಾಹೇಬ್ರ, ಎಷ್ಟ ವರ್ಷ ಆತ್ರಿ ಗಾಡಿ ಹೊಡ್ಯಾಕತ್ತು?”

“ಬಹಳ ಆಯ್ತು ಸುಬೇದಾರ್ರೇ.”

“ಹಂಗಾರ ನಿಮಗ ಎಲ್ಲಾ ಬರ್ತದ. ಯಾಕ್ ಬರ್ತದ ಅನ್ನೂದ ಅಷ್ಟ ನೋಡೂಣು.”

ಅಂಗಳದ ಒಂದು ಪಕ್ಕ ಛತ್ರದವರ ಶಾಮಿಯಾನದ ಲಾರಿ ನಿಂತಿತ್ತು. ಆಷಾಢದಲ್ಲಿ ಅದಕ್ಕೂ ರಜೆ. ಮೊದಲ ಪಾಠಕ್ಕೆ ಬೈಕು ಓಡಿಸೋದು ಬೇಡ ಅಂದವರೇ ನಮ್ಮನ್ನು ಒಬ್ಬೊಬ್ಬರನ್ನಾಗಿ ಆ ಲಾರಿಯ ಡ್ರೈವರ್ ಸೀಟಿಗೆ ಹತ್ತಿಸಿದರು. ಉಳಿದವರೆಲ್ಲ ತಂತಮ್ಮ ಬೈಕು ತಳ್ಳಿಕೊಂಡು ಬಂದು ಲಾರಿಯ ಸುತ್ತ ಅಲ್ಲಲ್ಲಿ ನಿಲ್ಲಬೇಕು. ಮೇಲೆ ಕೂತವರು ಕನ್ನಡಿ ನೋಡಿ ಎಷ್ಟು ಗಾಡಿ ಇವೆ ಅಂತ ಎಣಿಸಬೇಕು. ನಾನು ಹತ್ತಿ ಕೂತೆ. ಬಲಕ್ಕೆ ಎರಡು, ಕನ್ನಡಿಯಲ್ಲಿ ಹಿಂದೆ ದೂರದಲ್ಲಿ ಒಂದು, ಅಷ್ಟೇ. ಅಷ್ಟರಲ್ಲಿ ಎಡಗಡೆ ಬಾಗಿಲನ್ನು ಯಾರೋ ಕೆಳಗಿಂದ ದಬದಬ ಬಡಿದರು. ಗೌಡರು! ಅಷ್ಟು ದೊಡ್ಡ ಮನುಷ್ಯ, ಅಷ್ಟು ದೊಡ್ಡ ಬುಲೆಟ್ಟು, ಬಾಗಿಲ ಬುಡದಲ್ಲಿ ನಿಂತು ನಗುತ್ತಿದ್ದಾರೆ, ನನಗೆ ಅವರ ಟೋಪಿಯ ತುದಿಯೂ ಕಾಣುತ್ತಿಲ್ಲ. ಹಿಂದೆ ಹಲಗೆಗೆ ತಾಗುವಷ್ಟು ಹತ್ತಿರ ನಿಂತಿದ್ದ ಅಳಿಯನೂ ಕಂಡಿರಲಿಲ್ಲ.

ಶಿರಾಡಿ ಘಾಟಿಯಲ್ಲಿ ಲಾರಿಗಳ ಎಡಪಕ್ಕದ ಸಂದಿಯಲ್ಲಿ ನುಗ್ಗುವವರನ್ನು ದಿನಾ ನೋಡುತ್ತೇವೆ. ಲಾರಿಯವನು ಬೇಕು ಅಂತಲೇ ಒತ್ತುತ್ತಾನೆ ಅಂತ ಬೈಯುತ್ತೇವೆ. ಆ ಸೀಟಿನಲ್ಲಿ ಕೂತವನು ಬೈಯುವುದು ಕಷ್ಟ. ನನ್ನನ್ನು ಕೇಳಿದರೆ ಲೈಸೆನ್ಸಿಗೆ ಎಂಟು ಹಾಕಿಸುವ ಮೊದಲು ಪ್ರತಿಯೊಬ್ಬರನ್ನೂ ಒಮ್ಮೆ ಲಾರಿ ಹತ್ತಿಸಿ ಇಳಿಸಬೇಕು. ಬೇರೆ ಪರೀಕ್ಷೆ ಆಮೇಲೆ.

ಹೆಲ್ಮೆಟ್ಟಿನ ಪಾಠ ಅಡುಗೆ ಮನೆಯ ಜಗಲಿಯಲ್ಲಿ ನಡೆಯಿತು, ಅಷ್ಟರಲ್ಲಿ ಮಳೆ ಜೋರಾದ್ದರಿಂದ. ಸುಬೇದಾರರು ಗೋಣಿಚೀಲದಿಂದ ಎರಡು ಹಳೇ ಹೆಲ್ಮೆಟ್ಟು ತೆಗೆದು ಗರಗಸದಲ್ಲಿ ಸೀಳಿದ್ದನ್ನು ತೋರಿಸಿದರು. ಒಂದರಲ್ಲಿ ಗಟ್ಟಿ ಚಿಪ್ಪಿನ ಒಳಗೆ ಒಂದು ಬೆರಳು ದಪ್ಪದ ಥರ್ಮಾಕೋಲ್ ಪದರ. ಇನ್ನೊಂದು ರಸ್ತೆ ಬದಿಯಲ್ಲಿ ಮಾರುವಂಥದ್ದು, ಚಿಪ್ಪಿನೊಳಗೆ ಬರೀ ತೆಳ್ಳನೆ ಸ್ಪಂಜು ಮತ್ತು ಬಟ್ಟೆ. ತಲೆ ಉಳಿಸೋದು ಚಿಪ್ಪಲ್ಲವಂತೆ. ಬಿದ್ದಾಗ ಥರ್ಮಾಕೋಲು ಅಪ್ಪಚ್ಚಿಯಾಗಿ ಪೆಟ್ಟು ತಾನು ತಿನ್ನುತ್ತೆ, ಒಮ್ಮೆ ಅಪ್ಪಚ್ಚಿಯಾದದ್ದು ಮತ್ತೆ ಉಬ್ಬುವುದಿಲ್ಲ. ಅದಕ್ಕೇ ಜೋರಾಗಿ ಬಿದ್ದ ಹೆಲ್ಮೆಟ್ಟು ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಬಿಸಾಕಬೇಕು. ಆಮೇಲೆ ಪ್ರತಿಯೊಬ್ಬರ ಹಿಂದೆ ಬಂದು ನಿಂತು, ಪಟ್ಟಿ ಬಿಗಿದ ಹೆಲ್ಮೆಟ್ಟನ್ನು ಹಿಂಭಾಗದಿಂದ ಮೇಲಕ್ಕೆ ಎತ್ತಿ ಮುಂದಕ್ಕೆ ಮಗುಚಲು ನೋಡಿದರು. ಅರ್ಧ ಜನರದ್ದು ಸಲೀಸಾಗಿ ಕಳಚಿ ಬಂತು. ಟೀಚರಮ್ಮನದ್ದು ಬರಲಿಲ್ಲ. “ನಮ್ಮ ಮೇಡಮ್ಮಾರ ಪಾಸ್ ಆದ್ರು” ಅಂದರು.

ಡಿಸ್‌ಪ್ಯಾಚ್ ರೈಡರುಗಳಿಗೂ ಹೆಲ್ಮೆಟ್ಟಿಗೂ ಹಳೇ ನಂಟಿದೆ ಅಂತ ಆವತ್ತು ತಿಳಿಯಿತು. ಅರೇಬಿಯಾದ ಲಾರೆನ್ಸ್ ಅಂತ ಒಬ್ಬ ಬ್ರಿಟಿಷ್ ಸೇನಾಧಿಕಾರಿ ಇದ್ದನಲ್ಲ, ಸಿನಿಮಾ ಕೂಡ ಬಂದಿದೆ, ಅವನಿಗೆ ಬೈಕಿನ ಹುಚ್ಚು. ಮರುಭೂಮಿಯ ಯುದ್ಧದಲ್ಲಿ ಉಳಿದವನು 1935ರಲ್ಲಿ ತನ್ನ ಮನೆಯ ಹತ್ತಿರದ ಹಳ್ಳಿ ರಸ್ತೆಯಲ್ಲಿ, ಸೈಕಲ್ಲಿನ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದ. ತಲೆಯಲ್ಲಿ ಹೆಲ್ಮೆಟ್ಟಿರಲಿಲ್ಲ, ಆಗ ರಸ್ತೆಯಲ್ಲಿ ಹಾಕುವವರೇ ಅಪರೂಪ. ಆರು ದಿನ ಪ್ರಜ್ಞೆ ಇಲ್ಲದೆ ಮಲಗಿ ತೀರಿಕೊಂಡ. ಅವನನ್ನು ನೋಡಿದ ಡಾಕ್ಟರುಗಳಲ್ಲಿ ಹ್ಯೂ ಕೇರ್ನ್ಸ್ ಅಂತ ಮಿದುಳಿನ ಶಸ್ತ್ರವೈದ್ಯ ಒಬ್ಬರಿದ್ದರು. ಎರಡನೇ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸೈನ್ಯದ ಡಿಸ್‌ಪ್ಯಾಚ್ ರೈಡರುಗಳು ಸಾಲು ಸಾಲಾಗಿ ತಲೆಗೆ ಪೆಟ್ಟು ಮಾಡಿಕೊಂಡು ಬರುವುದನ್ನು ಅವರು ಲೆಕ್ಕ ಹಾಕಿ 1941ರಲ್ಲಿ ಲೇಖನ ಬರೆದರು. ಅದೇ ವರ್ಷ ಸೈನ್ಯ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿತು. ಬ್ರಿಟನ್ನಿನ ಸಾಮಾನ್ಯ ಜನಕ್ಕೆ ಕಡ್ಡಾಯವಾಗುವ ಹೊತ್ತಿಗೆ 1973. ನಮ್ಮ ರಾಜ್ಯದಲ್ಲಿ ಹಿಂದೆ ಕೂರುವವರಿಗೂ ಬೇಕು ಅಂತ ಬಿಗಿ ಮಾಡಿದ್ದು 2016ರಲ್ಲಿ. ಆಗ ನನ್ನ ಹೆಂಡತಿ ಮುಡಿದ ಹೂವು ಹಾಳಾಗುತ್ತೆ ಅಂತ ಎಷ್ಟು ರಗಳೆ ಮಾಡಿದ್ದಳು ಅಂತೀರಿ!

ಇಷ್ಟರಲ್ಲಿ ಭಟ್ಟರು ತಿಂಡಿಗೆ ಕರೆದರು. ಛತ್ರದ ಅಡುಗೆ ಭಟ್ಟರು ಸಾವಿರ ಎಲೆ ಹಾಕಿಸಿ ಅಭ್ಯಾಸ ಇರುವವರು, ಆಷಾಢದಲ್ಲಿ ಕೈ ತುರಿಸುತ್ತಿತ್ತು ಅಂತ ಕಾಣುತ್ತೆ. ನಮ್ಮಷ್ಟು ಜನಕ್ಕೆ ಉಪ್ಪಿಟ್ಟು, ಕೇಸರಿಬಾತು, ಮೇಲೆ ಮೆಣಸಿನಕಾಯಿ ಬೋಂಡ. ಉಪ್ಪಿಟ್ಟಿಗೆ ಗೋಡಂಬಿ ಬೇರೆ. “ಮಳೇಲಿ ಗಾಡಿ ಓಡಿಸೋರಿಗೆ ಮೈ ಬೆಚ್ಚಗಿರಬೇಕು ಸ್ವಾಮಿ” ಅಂತ ಬಡಿಸಿದ್ದೇ ಬಡಿಸಿದ್ದು. ಗೌಡರು ಮೂರನೇ ಸಲ ಕೇಸರಿಬಾತು ಹಾಕಿಸಿಕೊಂಡಾಗ ಸುಬೇದಾರರು ಮಗ್ಗಿನ ಮೇಲಿಂದ ಒಂದು ನೋಟ ನೋಡಿದರು, ಮಾತಾಡಲಿಲ್ಲ.

ಆಮೇಲೆ ಬ್ರೇಕು. ನಮ್ಮ ಕಡೆ ಮುಂದಿನ ಬ್ರೇಕು ಅಂದರೆ ಹಿಡಿದರೆ ಪಲ್ಟಿ ಅನ್ನುವ ಹೆದರಿಕೆ. ಈ ಹೆದರಿಕೆಗೆ ಕಾರಣ ಇಲ್ಲದೇ ಇಲ್ಲ. ಕೆಸರಿನ ದಾರಿಯಲ್ಲಿ, ಪಾಚಿ ಕಟ್ಟಿದ ತೋಟದ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿದರೆ ಎತ್ತಲು ಆಗುವುದಿಲ್ಲ. ಅಲ್ಲಿ ಹಿಂದಿನದ್ದೇ ಸರಿ. ಆದರೆ ಡಾಂಬರಿನ ಮೇಲೂ ಅದನ್ನೇ ನಂಬಿ ಕೂತರೆ ಗಾಡಿ ನಿಲ್ಲುವುದಿಲ್ಲ. ಬ್ರೇಕು ಹಾಕಿದ ಕೂಡಲೇ ಗಾಡಿಯ ಭಾರ, ನಮ್ಮ ಭಾರ ಎಲ್ಲಾ ಮುಂದಕ್ಕೆ ವಾಲಿ ಮುಂದಿನ ಚಕ್ರ ನೆಲವನ್ನು ಒತ್ತಿ ಹಿಡಿಯುತ್ತೆ, ಹಿಂದಿನ ಚಕ್ರ ಹಗುರವಾಗುತ್ತೆ. ಹಗುರವಾದ ಚಕ್ರಕ್ಕೆ ಎಷ್ಟು ಬ್ರೇಕು ತುಳಿದರೂ ಅದು ಕಚ್ಚಿಕೊಂಡು ಜಾರುತ್ತೆ ಅಷ್ಟೇ. ಸುಬೇದಾರರು ಕಾಂಕ್ರೀಟಿನ ಮೇಲೆ ಒಂದು ಗೆರೆ ಎಳೆದು, ಮೊದಲು ಬರೀ ಹಿಂದಿನದ್ದರಲ್ಲಿ, ಆಮೇಲೆ ಎರಡರಲ್ಲೂ ನಿಲ್ಲಿಸಿ ಅಂದರು. ನಿಂತ ನಿಂತ ಜಾಗಕ್ಕೆ ಒಂದೊಂದು ನಿಂಬೆಹಣ್ಣು ಇಟ್ಟರು. ಭಟ್ಟರ ಉಗ್ರಾಣದಿಂದ ತಂದ ನಿಂಬೆಹಣ್ಣು. ಎರಡು ಸಾಲು ನಿಂಬೆಹಣ್ಣಿನ ನಡುವೆ ಒಂದು ಕಾರು ಆರಾಮಾಗಿ ನಿಲ್ಲಿಸಬಹುದಿತ್ತು.

ಹುಡುಗ ಮುಂದಿನ ಬ್ರೇಕನ್ನು ಗಬಕ್ಕನೆ ಹಿಡಿದು ಚಕ್ರ ಸರ್ರೆಂದಿತು. ಸುಬೇದಾರರು ನನ್ನ ಕಡೆ ತಿರುಗಿ, “ಡಾಕ್ಟ್ರ, ಈ ತಮ್ಮಗ ಹೇಳ್ರಿ, ಆಕಳ ಮಲೀ ಹೆಂಗ ಹಿಡೀಬೇಕಂತ. ಗಬಕ್ನ ಜಗ್ಗಿದ್ರ ಒದೀತದ. ಮೊದಲ ಮೆತ್ತಗ, ಆಮ್ಯಾಲ ಬಿಗಿ. ಬ್ರೇಕೂ ಹಂಗ” ಅಂದರು. ಊರಿನವನಿಗೆ ಇಷ್ಟು ಸಾಕು. ಹುಡುಗ ಮನೆಯಲ್ಲಿ ಹಾಲು ಕರೆದವನೇ, ಮುಂದಿನ ಸಲ ಗೆರೆಯ ಮೇಲೇ ನಿಲ್ಲಿಸಿದ. ಅಳಿಯನ ಗಾಡಿಗೆ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇತ್ತು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕಿಗೆಲ್ಲ ಅದು ಕಡ್ಡಾಯ. ಅವನು ಜಂಬದಿಂದ ಒತ್ತಿ ಹಿಡಿದು ನಿಲ್ಲಿಸಿದ. ನನ್ನ ಯೆಜ್ಡಿಯನ್ನು ನಿಲ್ಲಿಸಿದಾಗ ಮಾತ್ರ ಸುಬೇದಾರರು ಹುಬ್ಬೇರಿಸಿ, “ಹಿಂದ ಏನ ಇಟಗೊಂಡ ಓಡಸತಿದ್ರಿ ಸಾಹೇಬ್ರ? ಎಷ್ಟ ನಾಜೂಕ ನಿಲ್ಲಸ್ತೀರಿ” ಅಂದರು. ಕ್ಯಾನಿನ ಕಥೆ ಹೇಳಿದೆ. ಬಹಳ ಹೊತ್ತು ನಕ್ಕರು.

ಇನ್ನು ತಿರುಗಿಸುವ ಪಾಠ. ಇದನ್ನು ಹೇಳಿದರೆ ನಮ್ಮೂರಲ್ಲಿ ಈಗಲೂ ಯಾರೂ ನಂಬುವುದಿಲ್ಲ. ನೇರ ಹೋಗುತ್ತಾ, ಮೂವತ್ತರ ಮೇಲೆ ವೇಗ ಇದ್ದಾಗ, ಎಡಗೈಯನ್ನು ಸುಮ್ಮನೆ ಮುಂದಕ್ಕೆ ಮೆಲ್ಲಗೆ ಒತ್ತಿ ಅಂದರು. ಎಡ ಹಿಡಿ ಮುಂದಕ್ಕೆ ಹೋದರೆ ಚಕ್ರ ಬಲಕ್ಕೆ ತಿರುಗಬೇಕಲ್ಲ, ಗಾಡಿ ಬಲಕ್ಕೆ ಹೋಗಬೇಕಲ್ಲ? ಒತ್ತಿ ನೋಡಿದೆ. ಗಾಡಿ ಎಡಕ್ಕೆ ವಾಲಿ ಎಡಕ್ಕೇ ಹೋಯಿತು. ಇನ್ನೊಮ್ಮೆ ಒತ್ತಿದೆ, ಇನ್ನೊಮ್ಮೆ ಎಡಕ್ಕೆ. ಬಲಗೈ ಒತ್ತಿದರೆ ಬಲಕ್ಕೆ. ಚಕ್ರ ಒಂದು ಕ್ಷಣ ಬಲಕ್ಕೆ ಜರುಗಿದಾಗ ಮೇಲಿನ ಭಾರ ಎಡಕ್ಕೆ ವಾಲುತ್ತದೆ, ವಾಲಿದ ಕಡೆಗೆ ಗಾಡಿ ತಿರುಗುತ್ತದೆ. ಘಾಟಿಯ ಪ್ರತಿ ತಿರುವಿನಲ್ಲೂ ನನ್ನ ಕೈ ಇದನ್ನೇ ಮಾಡುತ್ತಿತ್ತು, ನನಗೆ ಹೇಳಿರಲಿಲ್ಲ ಅಷ್ಟೇ. ವಿಮಾನ ಕಂಡುಹಿಡಿದ ರೈಟ್ ಸಹೋದರರು ಸೈಕಲ್ ಅಂಗಡಿಯವರು. ಅವರಲ್ಲಿ ವಿಲ್ಬರ್, ಎಡಕ್ಕೆ ಹೇಗೆ ತಿರುಗುತ್ತೀರಿ ಅಂತ ಎಷ್ಟೋ ಜನ ಸೈಕಲ್ ಸವಾರರನ್ನು ಕೇಳಿದ್ದರಂತೆ, ಒಬ್ಬರೂ ಪೂರ್ತಿ ಸರಿಯಾಗಿ ಹೇಳಲಿಲ್ಲವಂತೆ. ಆಮೇಲೆ ಇದನ್ನು ಎಲ್ಲೋ ಓದಿದಾಗ ನನಗೆ ಸಮಾಧಾನವಾಯಿತು.

ಗೌಡರಿಗೆ ಒಂದು ವಿಚಿತ್ರ ಕಾಯಿಲೆ. ಸಾಲಾಗಿ ಇಟ್ಟ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನುಗಳ ನಡುವೆ ಹಾವಿನ ನಡಿಗೆ ಓಡಿಸಬೇಕಿತ್ತು. ಅವರು ಕೋನನ್ನು ತಪ್ಪಿಸಬೇಕು ಅಂತ ಅದನ್ನೇ ದಿಟ್ಟಿಸುತ್ತಾ ಹೋಗಿ ಒಂದೂ ಬಿಡದೆ ಗುದ್ದಿದರು. “ಗೌಡ್ರ, ಕಣ್ಣ ಎಲ್ಲಿ ಹೊಕ್ಕಾವೋ ಗಾಡಿ ಅಲ್ಲೇ ಹೊಕ್ಕದ. ಹೋಗೂ ದಾರಿ ನೋಡ್ರಿ, ಕೋನ್ ನೋಡಬ್ಯಾಡ್ರಿ” ಅಂತ ಸುಬೇದಾರರು ಅಂಗಳದ ಆ ತುದಿಯಲ್ಲಿ ನಿಂತು ಮಗ್ಗು ಎತ್ತಿ ಹಿಡಿದರು. “ಈ ಮಗ್ಗ ನೋಡಕೋತ ಬರ್ರಿ.” ಗೌಡರು ಮಗ್ಗು ನೋಡುತ್ತಾ ಬಂದರು. ಕೋನು ಒಂದೂ ಬೀಳಲಿಲ್ಲ. ಮಗ್ಗಿನ ಹತ್ತಿರ ಬಂದು ಗೌಡರು ನಿಲ್ಲಿಸುವುದನ್ನೇ ಮರೆತರು, ಸುಬೇದಾರರೇ ಪಕ್ಕಕ್ಕೆ ಹಾರಿದರು. ಆವತ್ತು ಚಹಾ ಚೆಲ್ಲಿದ್ದು ಅದೊಂದೇ ಸಲ.

ಮಧ್ಯಾಹ್ನ ರಾಗಿಮುದ್ದೆ, ಹುರುಳಿಕಾಳಿನ ಸಾರು. ಸುಬೇದಾರರು ಮುದ್ದೆಯನ್ನು ರೊಟ್ಟಿಯ ಜನ ನೋಡುವ ಅನುಮಾನದಿಂದ ನೋಡಿ, ನುಂಗುವುದು ಹೇಗೆ ಅಂತ ಟೀಚರಮ್ಮನಿಂದ ಪಾಠ ಹೇಳಿಸಿಕೊಂಡರು. ಸಾರು ತಿನ್ನುತ್ತಾ ಮಾತು ಹುರುಳಿಗೆ ತಿರುಗಿತು. ಸುಗ್ಗಿಯಲ್ಲಿ ನಮ್ಮ ಜನ ಹುರುಳಿ, ರಾಗಿ ತಾಳುಗಳನ್ನು ಡಾಂಬರು ರಸ್ತೆಗೆ ಹಾಸಿ, ಬಸ್ಸು ಲಾರಿಗಳಿಂದ ಒಕ್ಕಣೆ ಮಾಡಿಸುತ್ತಾರಲ್ಲ. ಹಾಸಿದ ಹುಲ್ಲಿನ ಕೆಳಗೆ ಉದುರಿದ ಹುರುಳಿಕಾಳಿನ ಮೇಲೆ ಬೈಕು ಹೋದರೆ ನಿಲ್ಲುವುದಿಲ್ಲ. ಅಲ್ಲಿ ಬ್ರೇಕೂ ಬೇಡ, ವಾಲುವುದೂ ಬೇಡ, ಮೊದಲೇ ನಿಧಾನ ಮಾಡಿಕೊಂಡು ನೆಟ್ಟಗೆ ದಾಟಬೇಕು. ರಸ್ತೆಯ ಬಿಳೀ ಪಟ್ಟೆಯೂ ಮಳೆಯಲ್ಲಿ ಹಾಗೇ ಜಾರುತ್ತೆ, ಮೊದಲ ಮಳೆಗೆ ಎಣ್ಣೆ ತೇಲುವ ಡಾಂಬರೂ ಅಷ್ಟೇ. “ಹಂಗಾರೆ ಈ ಸಾರು ಯಾವ ರಸ್ತೇದು ಭಟ್ಟರೇ?” ಅಂತ ಹುಡುಗ ಕೇಳಿದ. ಭಟ್ಟರು ಅವನಿಗೆ ಇನ್ನೊಂದು ಸೌಟು ಹಾಕಿ ಬಾಯಿ ಮುಚ್ಚಿಸಿದರು.

ಊಟವಾದ ಮೇಲೆ ಸುಬೇದಾರರು ಅರವತ್ತರ ವೇಗದ ಲೆಕ್ಕ ಹೇಳಿದರು. ಆ ವೇಗದಲ್ಲಿ ಗಾಡಿ ಸೆಕೆಂಡಿಗೆ ಹೆಚ್ಚೂಕಮ್ಮಿ 17 ಮೀಟರು ಹೋಗುತ್ತೆ. ಎರಡು ಸೆಕೆಂಡು ಮೊಬೈಲು ನೋಡಿದರೆ 33 ಮೀಟರು ಕಣ್ಣು ಕಟ್ಟಿಕೊಂಡು ಓಡಿಸಿದ ಲೆಕ್ಕ. ಹುಡುಗನ ಕೈಗೆ ಟೇಪು ಕೊಟ್ಟು ಗೇಟಿನಿಂದ ಅಳೆಸಿದರು. ಅಂಗಳ ದಾಟಿ, ಶಾಮಿಯಾನದ ಲಾರಿ ದಾಟಿ, ಅವನು ಭಟ್ಟರ ಒಲೆಯ ಹತ್ತಿರ ಹೋಗಿ ನಿಂತ. ದಿನಕ್ಕೆ ಅದೆಷ್ಟು ಸಲ ಫೋನಿನಲ್ಲಿ ವಿಳಾಸ ನೋಡುತ್ತಿದ್ದನೋ, ಅಲ್ಲಿಂದ ಗೇಟಿನ ಕಡೆ ತಿರುಗಿ ನೋಡಿ ಸುಮ್ಮನಾದ.

ಈ ಪಾಠಗಳೆಲ್ಲ ಸರಿ, ಆದರೆ ನನಗೆ ಒಂದು ಕೊರತೆ ಕಂಡಿತ್ತು. ತರಬೇತಿ ಪುಸ್ತಕದ ಚಿತ್ರಗಳಲ್ಲಿ ಅಡ್ಡ ಬರುವುದೆಲ್ಲ ಕಾರು. ನಮ್ಮ ರಸ್ತೆಗೆ ಅಡ್ಡ ಬರುವುದು ದನ. ಹೇಳಿಯೇಬಿಟ್ಟೆ. ಸುಬೇದಾರರು ಮುನಿಸಿಕೊಳ್ಳಲಿಲ್ಲ. ಸೀಮೆಸುಣ್ಣ ನನ್ನ ಕೈಗೆ ಕೊಟ್ಟು, “ಬರ್ರಿ, ನೀವ ಕಲಸ್ರಿ, ನಾ ಕುಂಡರ್ತೀನಿ” ಅಂತ ಗೌಡರ ಪಕ್ಕ ಹೋಗಿ ಕೂತರು.

ಕಾಂಕ್ರೀಟಿನ ಮೇಲೆ ಹಸು ಬರೆದೆ. ಹಸುವಿನ ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಅದಕ್ಕೆ ಸುತ್ತಮುತ್ತ ಬಹುಪಾಲು ಕಾಣುತ್ತೆ, ಬಾಲದ ನೇರ ಹಿಂದೆ ಮಾತ್ರ ಕಾಣುವುದಿಲ್ಲ. ಅದಕ್ಕೇ ಹಿಂದಿನಿಂದ ಹೋಗಿ ಹಾರನ್ನು ಹೊಡೆದರೆ ಎತ್ತ ಹಾರುತ್ತೆ ಅಂತ ಹೇಳಲಾಗದು. ಹೆಗಲು ಅದರ ಗಡಿ. ಹೆಗಲಿಗಿಂತ ಮುಂದುಗಡೆಯಿಂದ ನೀವು ಹತ್ತಿರವಾದರೆ ಹಿಂದಕ್ಕೆ ಸರಿಯುತ್ತೆ, ಹೆಗಲಿನ ಹಿಂದಿನಿಂದ ಹತ್ತಿರವಾದರೆ ಮುಂದಕ್ಕೆ ಹೋಗುತ್ತೆ. ಅಡ್ಡ ನಿಂತ ಹಸುವನ್ನು ಬಾಲದ ಕಡೆಯಿಂದ, ನಿಧಾನವಾಗಿ, ಅದಕ್ಕೆ ಕಾಣುವ ಹಾಗೆ ದಾಟಬೇಕು. ಮುಖದ ಮುಂದೆ ನುಗ್ಗುವುದು ದಡ್ಡತನ. ಕರು ಒಂದು ಬದಿ, ತಾಯಿ ಇನ್ನೊಂದು ಬದಿ ಇದ್ದರೆ ಗಾಡಿ ನಿಲ್ಲಿಸಿಬಿಡಿ, ಎರಡರಲ್ಲಿ ಒಂದು ದಾಟಿಯೇ ದಾಟುತ್ತೆ. ಕುರಿಮಂದೆಯಲ್ಲಿ ಒಂದು ದಾಟಿತು ಅಂದರೆ ಉಳಿದವೂ ದಾಟಿದವು ಅಂತಲೇ ತಿಳಿಯಿರಿ. ಎಮ್ಮೆ ಬೆದರುವುದಿಲ್ಲ, ಸರಿಯುವುದೂ ಇಲ್ಲ, ಅದರ ಜೊತೆ ಹಟ ಮಾಡಬೇಡಿ. ಮಬ್ಬುಗತ್ತಲಲ್ಲಿ ಹಸುವಿನ ಕಣ್ಣಾದರೂ ದೀಪಕ್ಕೆ ಹೊಳೆಯುತ್ತೆ, ಎಮ್ಮೆ ಆ ಕಡೆ ಮುಖ ಮಾಡಿ ನಿಂತರೆ ಹೊಳೆಯೋಕೆ ಏನೂ ಇಲ್ಲ.

“ನಾಯಿಗೆ ಏನ್ ಮಾಡೋದು ಸಾರ್?” ಟೀಚರಮ್ಮನ ಪ್ರಶ್ನೆ. ಅವರ ಶಾಲೆಯ ದಾರಿಯಲ್ಲಿ ಒಂದು ಕರಿ ನಾಯಿ ದಿನಾ ಅಟ್ಟಿಸಿಕೊಂಡು ಬರುತ್ತಿತ್ತಂತೆ. ಇದಕ್ಕೆ ಸುಬೇದಾರರೇ ಎದ್ದರು. ನಾಯಿ ನಿಮ್ಮ ವೇಗ ನೋಡಿ ಎಲ್ಲಿ ಹಿಡಿಯಬೇಕು ಅಂತ ಲೆಕ್ಕ ಹಾಕಿ ಓಡುತ್ತೆ. ಅದರ ಹತ್ತಿರ ಬರುವ ಮೊದಲೇ ಒಂದು ಗೇರು ಇಳಿಸಿ ನಿಧಾನ ಮಾಡಿ, ಅದು ಲೆಕ್ಕ ಹಾಕಿ ಹೊರಟ ಮೇಲೆ ವೇಗ ಏರಿಸಿ. ಅದರ ಲೆಕ್ಕ ತಪ್ಪುತ್ತೆ. ಕಾಲು ಎತ್ತಿ ಒದೆಯೋಕೆ ಮಾತ್ರ ಹೋಗಬೇಡಿ. ಟೀಚರಮ್ಮ ಇದನ್ನು ಪುಸ್ತಕದಲ್ಲಿ ಬರೆದುಕೊಂಡರು.

ಮಾರನೇ ದಿನ ಮಳೆ ಹೊಳವಾಗಿತ್ತು. ಆವತ್ತು ಏನೇನು ಕಲಿಸಿದರು ಅಂತ ಪೂರ್ತಿ ನೆನಪಿಲ್ಲ. ಗಾಡಿ ಹತ್ತುವ ಮುಂಚೆ ಸುತ್ತ ಬಂದು ಗಾಳಿ, ಚೈನು, ದೀಪ ನೋಡುವುದು, ಸೀರೆ ಉಟ್ಟವರು ಹಿಂದೆ ಕೂತಾಗ ಸೆರಗು ಚಕ್ರಕ್ಕೆ ಸಿಗದಂತೆ ಹಾಕುವ ತಡಿಕೆಯನ್ನು ಕಿತ್ತು ಹಾಕಬಾರದು ಅನ್ನುವುದು, ಅಂಥವು. ಆ ತಡಿಕೆ ನಮ್ಮ ದೇಶದ ಕಾನೂನಿನಲ್ಲೇ ಇದೆಯಂತೆ, ಹುಡುಗರು ಚೆಂದ ಕಾಣಲ್ಲ ಅಂತ ಬಿಚ್ಚಿಸುತ್ತಾರೆ. ಅಳಿಯನೂ ಬಿಚ್ಚಿಸಿದ್ದ. ಮದುವೆಯಾಗಲಿ, ತಾನೇ ಹಾಕಿಸುತ್ತಾನೆ ಅಂತ ಅಕ್ಕನಿಗೆ ಹೇಳಿದೆ.

ಕೊನೆಗೆ ನಿಧಾನ ಓಟದ ಪಂದ್ಯ. ಕಾಲೂರದೆ ಕೊನೆಯಲ್ಲಿ ಬಂದವರೇ ಗೆದ್ದ ಹಾಗೆ. ದನದ ಹಿಂದೆ ಆಯುಷ್ಯ ಕಳೆದ ನನಗೆ ಇದರಲ್ಲಿ ಸೋಲುಂಟೇ ಅಂದುಕೊಂಡಿದ್ದೆ. ಹುಡುಗ ಮೊದಲ ಗೆರೆಯಲ್ಲೇ ಕಾಲು ಊರಿದ, ನಿಧಾನ ಅನ್ನುವುದು ಅವನ ಜಾತಕದಲ್ಲಿಲ್ಲ. ಅಳಿಯ ಅರ್ಧ ಬಂದ. ಗೌಡರು ಒಂದು ಕೋನು ಗುದ್ದಿದರು, ಅಭ್ಯಾಸ ಬಲ. ಉಳಿದವರು ನಾನು ಮತ್ತು ಟೀಚರಮ್ಮ. ಅವರು ಕ್ಲಚ್ಚನ್ನು ಅರ್ಧ ಹಿಡಿದು, ಹಿಂದಿನ ಬ್ರೇಕಿನ ಮೇಲೆ ಕಾಲಿಟ್ಟು, ದೂರದ ತೆಂಗಿನ ಮರ ನೋಡುತ್ತಾ, ಹಾಜರಿ ಕರೆಯುವ ನಿಧಾನದಲ್ಲಿ ಬಂದರು. ನಾನು ಮುಗಿಸಿ, ಗಾಡಿ ನಿಲ್ಲಿಸಿ, ಹೆಲ್ಮೆಟ್ಟು ತೆಗೆದು ತಿರುಗಿ ನೋಡಿದರೆ ಅವರು ಇನ್ನೂ ದಾರಿಯಲ್ಲಿದ್ದರು. ಬಹುಮಾನ ಅಂತ ಭಟ್ಟರು ಒಂದು ಡಬ್ಬಿ ಚಿರೋಟಿ ಕೊಟ್ಟರು. ಎಲ್ಲರಿಗೂ ಹಂಚಿ, ಮಗನಿಗೆ ಅಂತ ಎರಡು ಉಳಿಸಿಕೊಂಡು ಹೋದರು.

ಕರಾವಳಿಗೆ ಆ ವರ್ಷವೇ ಹೋದೆವು. ಚಾರ್ಮಾಡಿಯ ತಿರುವುಗಳಲ್ಲಿ ಅಳಿಯ ನನ್ನ ಹಿಂದೆಯೇ ಇದ್ದ. ವಾಪಸ್ಸು ಬರುತ್ತಾ ಕೊಟ್ಟಿಗೆಹಾರದಲ್ಲಿ ನೀರು ದೋಸೆಗೆ ನಿಲ್ಲಿಸಿದಾಗ, “ಮಾವ, ನೀವು ಮುಂಚೆ ತಿರುವಿನ ಒಳಕ್ಕೆ ನುಗ್ತಿದ್ರಿ, ಈಗ ಹೊರಗಡೆಯಿಂದ ನೋಡ್ಕೊಂಡು ಬರ್ತೀರ” ಅಂದ. ಹೌದೋ ಅಲ್ಲವೋ, ನನಗೆ ಗೊತ್ತಾಗಲಿಲ್ಲ. ದೋಸೆ ಚೆನ್ನಾಗಿತ್ತು.

ಸುಬೇದಾರರು ಈಗ ಊರಲ್ಲೇ ಇದ್ದಾರೆ, ಎರಡು ಎಮ್ಮೆ ಕಟ್ಟಿದ್ದಾರೆ. ಆಗಾಗ ಫೋನು ಮಾಡುತ್ತಾರೆ. ಮೊನ್ನೆ ಒಂದು ಎಮ್ಮೆ ಸೊರೆ ಬಿಡುತ್ತಿಲ್ಲ ಅಂತ ಗೋಳು. ದಿನಾ ಕರೆಯುವವರು ಯಾರು ಅಂತ ಕೇಳಿದೆ. ಮನೆಯವರು ಮಗಳ ಬಾಣಂತನಕ್ಕೆ ಹೋಗಿದ್ದಾರಂತೆ, ತಾವೇ ಕರೆಯಲು ಕೂತಿದ್ದಾರಂತೆ.

“ಕೆಚ್ಚಲಿಗೆ ಬಿಸಿನೀರು ಹಾಕಿ ಒರೆಸಿ, ಮುಂದೆ ಹಿಂಡಿ ಇಡಿ, ಗಲಾಟೆ ಮಾಡಬೇಡಿ” ಅಂದೆ. “ಮೊದಲು ಮೆತ್ತಗೆ, ಆಮೇಲೆ ಬಿಗಿ.”

“ಅದನ್ನ ನಾನ ನಿಮಗ ಹೇಳಿದ್ನಲ್ರಿ!” ಅಂತ ಆ ಕಡೆಯಿಂದ ಗದರಿ, ಬಿಸಿನೀರು ಎಷ್ಟು ಬಿಸಿ ಇರಬೇಕು ಅಂತ ಕೇಳಿದರು.